ಸೊನ್ನೆಯ ಖಾನೆಯ ಟಗರು

ಮೊದಲೇ ಹೇಳಿಬಿಡುತ್ತೇನೆ, ಬಾಲ ನೋಡಿ ಇದು ಕುರಿ, ಇದು ಮೇಕೆ ಅನ್ನುವುದರಾಚೆಗೆ ಆ ಪ್ರಾಣಿಗಳ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ನನ್ನದು ಚನ್ನಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ, ಪ್ರಿಂಟರ್ ಬಿಚ್ಚಿ ಜೋಡಿಸುತ್ತೇನೆ, ಜನ ಗುಜರಿಗೆ ಹಾಕಲು ಹೊರಟ ಹಳೇ ಕಂಪ್ಯೂಟರುಗಳನ್ನು ಬೇಡಿ ತಂದು ಬದುಕಿಸುತ್ತೇನೆ. ಈ ಕೊನೆಯದು ಕಸುಬಲ್ಲ, ಚಟ. ನನ್ನ ಅಂಗಡಿಯನ್ನು ಗಂಡ 'ಕಂಪ್ಯೂಟರ್ ಗೋಶಾಲೆ' ಎಂದೇ ಕರೆಯುತ್ತಾರೆ.

ಜಗಳೂರಿನ ಪಶುವೈದ್ಯರೊಬ್ಬರ ಮನೆಯ ಕಂಪ್ಯೂಟರನ್ನು ಒಮ್ಮೆ ಹೀಗೇ ಬದುಕಿಸಿಕೊಟ್ಟಿದ್ದೆ. ಬೇಸಿಗೆಯ ಒಂದು ಬೆಳಿಗ್ಗೆ ಅವರು ಫೋನ್ ಮಾಡಿದರು. ಬಿಳಿಚೋಡಿನಲ್ಲಿ ಕುರಿ ಸಾಕುವ ಒಂದು ಮನೆ. ಮೂರು ಸೂಲಿನಿಂದ ಹೆಚ್ಚಿನ ಮರಿಗಳು ಹುಟ್ಟುತ್ತಲೇ ಬಡಕಲು, ಎಂಟು ದಿನ ದಾಟುವುದಿಲ್ಲ. ರೋಗವಿರಬಹುದೆಂದು ಪರೀಕ್ಷೆ ಮಾಡಿಸಿದ್ದಾಯಿತು, ರೋಗವಲ್ಲ. ಟಗರು ತನ್ನ ಮಗಳನ್ನೋ ಮೊಮ್ಮಗಳನ್ನೋ ಕೂಡುತ್ತಿದೆ, ಹತ್ತಿರದ ರಕ್ತ ಹತ್ತಿರಕ್ಕೇ ಸೇರಿ ಮರಿಗಳಿಗೆ ಶಕ್ತಿಯಿಲ್ಲದಂತಾಗಿದೆ ಎಂದು ಅವರ ಅನುಮಾನ. ನಾಲ್ಕೈದು ತಲೆಮಾರಿನ ತಾಯಿ ತಂದೆಗಳನ್ನು ಬರೆದಿಟ್ಟು ತಾಳೆ ನೋಡಿದರೆ ಯಾವ ಟಗರಿನಿಂದ ತೊಂದರೆ ಎಂಬುದು ತಿಳಿಯುತ್ತದೆ. ಅದಕ್ಕೊಂದು ಸಾಫ್ಟ್‌ವೇರ್ ಮಾಡಿಕೊಡಬೇಕು ಎಂದರು.

"ಫೋನಲ್ಲೇ ಆ್ಯಪ್ ಹಾಕ್ಕೊಂಡರೆ ಆಗಲ್ವಾ ಸಾರ್?" ಎಂದೆ.

"ಮನೇಲಿರೋದು ಒಂದೇ ಫೋನು ಮೇಡಂ. ಅದು ಗಂಡನ ಜೇಬಿನಾಗೆ ಕುರಿ ಹಿಂದೆ ಅಡವಿ ಸುತ್ತುತ್ತೆ. ಮನೇಲಿ ಒಂದು ಹಳೇ ಕಂಪ್ಯೂಟರ್ ಐತೆ, ಮಗಳು ಓದುವಾಗ ತಂದಿದ್ದಂತೆ. ಆಯಮ್ಮ ಅದರಾಗೇ ಮಾಡಿಕೊಡಿ ಅಂತ ಹಟ ಹಿಡಿದಾಳೆ."

ಹಳೇ ಕಂಪ್ಯೂಟರ್ ಎಂದ ತಕ್ಷಣ ನನ್ನ ಕಿವಿ ನೆಟ್ಟಗಾದವು. ಆ ವಾರವೇ ಎರಡು ಬಸ್ಸು ಬದಲಿಸಿ ಬಿಳಿಚೋಡಿಗೆ ಹೋದೆ.

ಆ ಮನೆಯ ಹೆಂಗಸನ್ನು ನಾನು ಅಕ್ಕ ಎಂದೇ ಕರೆದೆ, ಐವತ್ತರ ಆಸುಪಾಸು. ಕಂಪ್ಯೂಟರಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದಳು. ಬಟ್ಟೆ ತೆಗೆದು ಗುಂಡಿ ಒತ್ತಿದರೆ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು, ಮಾನಿಟರಿನಲ್ಲಿ ಅರ್ಧ ಮಾತ್ರ ಬೆಳಕು. ಬಿಚ್ಚಿ ನೋಡುತ್ತಿರುವಾಗ ಅಕ್ಕನ ಗಂಡ ಒಳಗೆ ಬಂದ, ಬಾಗಿಲಿಗೆ ಒರಗಿ ನಿಂತ.

"ನಾನು ಹೇಳಿಬಿಟ್ಟೀನಿ ಮೇಡಮ್ಮೋರೆ. ಇನ್ನೊಂದು ಸೂಲು ನೋಡ್ತೀನಿ, ಅಷ್ಟೆ. ಹಿಂಗೇ ಆತು ಅಂದ್ರೆ ಅಷ್ಟೂ ಕುರಿ ಮಾರಿ ಕೈ ತೊಳ್ಕೊಂಬ್ತೀನಿ. ಹುಟ್ಟಿದ ಮರೀನ ಮಣ್ಣಿಗೆ ಹಾಕಿ ಹಾಕಿ ಸಾಕಾತು."

"ಮಾರಿ ಏನು ಮಾಡ್ತಿ? ನಾನೇನು ಮಾಡ್ಲಿ?" ಎಂದಳು ಅಕ್ಕ. ದನಿ ಏರಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಈ ಮನೀಗೆ ಬಂದಾಗಿಂದ ಕುರಿ ಇಲ್ದೆ ಒಂದಿನ ಎದ್ದಿಲ್ಲ ನಾನು" ಎಂದಳು.

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಿಗೆ ಒಂದು ಕರೀ ಟಗರು ಬಂದು ಮೂತಿ ತೂರಿಸಿತು. ಅದು ಕರಿಯ. ಹುಟ್ಟಿದ ದಿನವೇ ತಾಯಿ ಸತ್ತಿತ್ತಂತೆ. ಬಾಟಲಿಯಲ್ಲಿ ಹಾಲು ಕುಡಿಸಿ ಅಕ್ಕನೇ ಸಾಕಿದ್ದಳು. ಈಗ ಹಿಂಡಿಗೆ ಅದೇ ಟಗರು. ಡಾಕ್ಟರರ ಅನುಮಾನವೆಲ್ಲ ಅದರ ಮೇಲೇ ಇತ್ತೆಂದು ಅಕ್ಕನಿಗೂ ಗೊತ್ತಿತ್ತು. ಸಾಫ್ಟ್‌ವೇರ್ ಬೇಕೆಂದು ಅವಳು ಹಟ ಹಿಡಿದದ್ದೇ ಅದಕ್ಕೆ. ತಪ್ಪು ಕರಿಯನದೋ ಅಲ್ಲವೋ ಎನ್ನುವುದು ಖಾತ್ರಿಯಾಗುವ ತನಕ ಮಾರಲು ಬಿಡುವುದಿಲ್ಲ ಎಂದು ಗಂಡನ ಹತ್ತಿರ ಮಾತು ತೆಗೆದುಕೊಂಡಿದ್ದಳು.

ಕಂಪ್ಯೂಟರನ್ನು ಚೀಲದಲ್ಲಿ ಕಟ್ಟಿಕೊಂಡು ಬಂದೆ. ಹೊನ್ನಾಳಿಯ ಒಂದು ಮನೆಯಿಂದ ಬಂದಿದ್ದ ಮಾನಿಟರ್ ನನ್ನಲ್ಲಿತ್ತು, ನ್ಯಾಮತಿಯವರೊಬ್ಬರು ಕೊಟ್ಟಿದ್ದ ಕಂಪ್ಯೂಟರಿನಿಂದ ಮೆಮೊರಿ ಕಿತ್ತೆ. ಹಾರ್ಡ್ ಡಿಸ್ಕಿನ ಜಾಗಕ್ಕೆ ಹಳೇ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಡಾಪ್ಟರಿನಲ್ಲಿ ಸಿಕ್ಕಿಸಿ ಕೂರಿಸಿದೆ. ಅದಕ್ಕೆ ವಿಂಡೋಸಿಗೂ ಮುಂಚಿನ ಕಾಲದ ಡಾಸ್ ಹಾಕಿದೆ. ಮೌಸ್ ಇಲ್ಲ, ಚಿತ್ರವಿಲ್ಲ, ಕರೀ ಪರದೆಯ ಮೇಲೆ ಅಕ್ಷರ ಮಾತ್ರ. ಗುಂಡಿ ಒತ್ತಿದ ಅರ್ಧ ನಿಮಿಷದಲ್ಲಿ ತಯಾರು. ಕಂಪ್ಯೂಟರ್ ಬದುಕಿತು. ಇನ್ನು ಅದರ ಮೇಲೆ ಸಾಫ್ಟ್‌ವೇರನ್ನು ಯಾವುದರಲ್ಲಿ ಬರೆಯುವುದು? ಅಲ್ಲಿಂದ ನನ್ನ ಫಜೀತಿ ಶುರುವಾಯಿತು.

ಕೈಗೆ ರೂಢಿಯಿದ್ದ ಪ್ರೋಗ್ರಾಮಿಂಗ್ ಭಾಷೆ ಪೈಥಾನ್. ಈಗಿನ ಪೈಥಾನ್ ಆ ಕಂಪ್ಯೂಟರಿನಲ್ಲಿ ಹತ್ತುವುದೇ ಇಲ್ಲ ಎಂಬುದು ಅರ್ಧ ದಿನದಲ್ಲಿ ತಿಳಿಯಿತು, ಬಿಟ್ಟೆ. ಎರಡನೆಯದು ಸಿ ಭಾಷೆ. ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ಆರಾಮಾಗಿ ಬರೆದು, ಹಳೆಯದಕ್ಕೆ ಹೊಂದುವಂತೆ ಅಲ್ಲೇ ಕಂಪೈಲ್ ಮಾಡಿ, ಅಂದರೆ ಯಂತ್ರ ಓದುವ ರೂಪಕ್ಕೆ ಇಳಿಸಿ, ಹಳೇ ಕಂಪ್ಯೂಟರಿನಂತೆ ನಟಿಸುವ ಎಮ್ಯುಲೇಟರಿನಲ್ಲಿ ಓಡಿಸಿ ನೋಡಬಹುದು. ಸಿದ್ಧವಾದ ಫೈಲನ್ನು ಕಾರ್ಡಿಗೆ ಹಾಕಿದರೆ ಮುಗಿಯಿತು. ವೇಗವೋ ವೇಗ. ಮೂರನೆಯದು ಬೇಸಿಕ್. ಡಿಪ್ಲೊಮಾದ ಮೊದಲ ವರ್ಷದಲ್ಲಿ ಕಲಿತದ್ದು. ಬರೆಯುವುದು, ಓಡಿಸುವುದು, ತಿದ್ದುವುದು ಎಲ್ಲಾ ಆ ಹಳೇ ಕಂಪ್ಯೂಟರಿನಲ್ಲೇ. ಆದರೆ ಕಂಪ್ಯೂಟರಿನಲ್ಲಿ ಎಷ್ಟೇ ಜಾಗವಿದ್ದರೂ ಆ ಬೇಸಿಕ್ಕಿನ ಕಣ್ಣಿಗೆ ಬೀಳುವುದು ಅರವತ್ತನಾಲ್ಕು ಕೆಬಿ, ಒಂದು ಫೋಟೋಗೂ ಸಾಲದಷ್ಟು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನೂ ಅದನ್ನು ಮೂಸಿಯೂ ನೋಡದೆ ಸಿ ಹಿಡಿದೆ.

ಕನ್ನಡ ಅಕ್ಷರ ಮೂಡಿಸುವುದಕ್ಕೇ ಹತ್ತು ದಿನ ಹಿಡಿಯಿತು. ಡಾಸಿಗೆ ಕನ್ನಡ ಬಾರದು. ಒಂದೊಂದು ಅಕ್ಷರವನ್ನೂ ಚೌಕುಳಿ ಹಾಳೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆದು ಕಂಪ್ಯೂಟರಿಗೆ ಉಣ್ಣಿಸಬೇಕು. ಒತ್ತಕ್ಷರದ ಹೊತ್ತಿಗೆ ತಾಳ್ಮೆ ಮುಗಿಯಿತು. ಒಂದು ಉಪಾಯ ಮಾಡಿದೆ. ಪರದೆಯ ಮೇಲೆ ಒತ್ತಿಲ್ಲದ ಮಾತುಗಳನ್ನೇ ಬಳಸಿದೆ. ಕುರಿ, ಮರಿ, ಟಗರು, ತಾಯಿ, ತಂದೆ. 'ಸತ್ತಿದೆ' ಅನ್ನುವ ಕಡೆ 'ಹೋಯಿತು' ಎಂದು ಹಾಕಿದೆ. ಅಕ್ಕನಿಗೆ ಆಮೇಲೆ ಅದೇ ಹೆಚ್ಚು ಹಿಡಿಸಿತು.

ಕಂಪ್ಯೂಟರನ್ನು ಹೊತ್ತುಕೊಂಡು ಎರಡನೇ ಸಲ ಹೋದಾಗ ಅಕ್ಕ ಹೇಳುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. ಆ ಹೆಂಗಸಿನ ನೆನಪು ಕಂಡು ನಾನು ಬೆಕ್ಕಸಬೆರಗಾದೆ. ಸತ್ತು ಏಳೆಂಟು ವರ್ಷವಾದ ಕುರಿಯ ತಾಯಿಯ ತಾಯಿ ಯಾವುದು, ಅದಕ್ಕೆ ಎಷ್ಟು ಮರಿ, ಯಾವ ಮಳೆಯಲ್ಲಿ ಹುಟ್ಟಿದ್ದು, ಎಲ್ಲಾ ಬಾಯಲ್ಲೇ. ತೊಂದರೆಯಾದದ್ದು ಹೆಸರಿಗೆ. ಒಂದು ಹೆಸರಿಗೆ ಹತ್ತು ಅಕ್ಷರ ಸಾಕೆಂದು ನಾನು ಇಟ್ಟಿದ್ದೆ. ಅಕ್ಕ, "ಬಾವಿ ತಾವ ಹುಟ್ಟಿದ್ದರ ಎರಡನೇ ಮಗಳು, ಮೋಟು ಬಾಲದ್ದು" ಎಂದಳು. ಅದೇ ಅದರ ಹೆಸರಂತೆ. ಅಷ್ಟನ್ನು ಬದಲಿಸಬೇಕೆಂದರೂ ನಾನು ಚನ್ನಗಿರಿಗೆ ಹೋಗಿ, ಅಂಗಡಿಯಲ್ಲಿ ಕಂಪೈಲ್ ಮಾಡಿ, ಮತ್ತೆ ಬರಬೇಕು. ಬಿಳಿಚೋಡಿನಲ್ಲಿ ಕೂತು ಒಂದು ಅಕ್ಷರವನ್ನೂ ಅಲುಗಿಸುವ ಹಾಗಿಲ್ಲ.

ತಂದೆಯ ಖಾನೆ ಬಂದಾಗ ಅಕ್ಕ ಕೆಲವು ಮರಿಗಳಿಗೆ "ಕರಿಯ" ಎನ್ನುತ್ತಿದ್ದಳು. ಕೆಲವಕ್ಕೆ ಹಿಂದಿನ ಮಾರಿದ ಟಗರನ್ನು ಹೇಳುತ್ತಿದ್ದಳು. ಇನ್ನು ಕೆಲವಕ್ಕೆ ಕೈ ಬೀಸಿ, "ಅದ್ನ ಬಿಡ್ರಿ, ಮುಂದಿಂದು ಬರ್ಕಳ್ರಿ" ಎನ್ನುತ್ತಿದ್ದಳು. ನೆನಪಿಲ್ಲವೇನೋ ಅಂದುಕೊಂಡೆ. ಅಷ್ಟೊಂದು ನೆನಪಿರುವವಳಿಗೆ ಇದೇಕೆ ನೆನಪಿಲ್ಲ ಎಂಬ ಪ್ರಶ್ನೆ ನನಗೆ ಆಗ ಏಳಲೇ ಇಲ್ಲ, ನೋಡಿ. ಖಾಲಿ ಬಿಟ್ಟರೆ ಲೆಕ್ಕ ಓಡುವುದಿಲ್ಲ. ಆಯಾ ವರ್ಷ ಹಿಂಡಿನಲ್ಲಿದ್ದ ಟಗರು ಒಂದೇ ಆದ್ದರಿಂದ, ತಂದೆ ಗೊತ್ತಿಲ್ಲದ ಕಡೆಯಲ್ಲೆಲ್ಲ ಆ ವರ್ಷದ ಟಗರನ್ನೇ ತುಂಬಿಕೊಳ್ಳುವಂತೆ ಬರೆದೆ. ಈಚಿನ ವರ್ಷಗಳಲ್ಲಿ ಅದು ಕರಿಯ. ಜಾಣತನ ಎಂದುಕೊಂಡೆ.

ರಾತ್ರಿ ಅಲ್ಲೇ ಉಳಿದೆ. ಮರುದಿನ ಹೊರಡುವ ಮುಂಚೆ ಸರಿಯಿದೆಯೇ ಎಂದು ನೋಡಲು, ಕುರಿಗಳು ರೊಪ್ಪದಿಂದ, ಅಂದರೆ ಮುಳ್ಳುಬೇಲಿಯ ದೊಡ್ಡಿಯಿಂದ, ಹೊರಬೀಳುವಾಗ ಎಣಿಸಲು ನಿಂತೆ. ಅಕ್ಕ ನನ್ನ ಸೆರಗು ಹಿಡಿದು ಎಳೆದಳು.

"ಎಣಿಸ್ಬ್ಯಾಡ್ರಿ ಮೇಡಮ್ಮೋರೆ, ದೃಷ್ಟಿ ಆಗ್ತೈತೆ."

ಸರಿ ಎಂದು ಬಾಯಿ ಮುಚ್ಚಿಕೊಂಡೆ, ಮನಸ್ಸಿನಲ್ಲೇ ಎಣಿಸಿದೆ. ಕಂಪ್ಯೂಟರಿನಲ್ಲಿದ್ದದ್ದಕ್ಕಿಂತ ಒಂದು ಹೆಚ್ಚಿತ್ತು.

ನಮ್ಮ ಕಸುಬಿನಲ್ಲಿ ಲೆಕ್ಕ ಒಂದು ಹೆಚ್ಚೋ ಒಂದು ಕಡಿಮೆಯೋ ಬಂದರೆ ಯಾರೂ ಕುರಿಯ ಮೇಲೆ ಅನುಮಾನ ಪಡುವುದಿಲ್ಲ, ತಮ್ಮ ಬರಹದ ಮೇಲೇ ಪಡುತ್ತಾರೆ. ಸಿ ಭಾಷೆ ಸೊನ್ನೆಯಿಂದ ಎಣಿಸುತ್ತದೆ, ಮನುಷ್ಯರು ಒಂದರಿಂದ. ಈ ಎರಡರ ನಡುವೆ ಒಂದು ಕುರಿ ಜಾರಿ ಬೀಳುವುದು ದಿನಾ ನಡೆಯುವ ಸಂಗತಿ. ಚನ್ನಗಿರಿಗೆ ಬಂದು ವಾರಪೂರ್ತಿ ಆ ಕಳೆದುಹೋದ ಕುರಿಯನ್ನು ಸಾಲು ಸಾಲಿನಲ್ಲಿ ಹುಡುಕಿದೆ. ಸಿಗಲಿಲ್ಲ. ಊಟಕ್ಕೆ ಕೂತರೂ ಅದೇ ಧ್ಯಾನ. "ಕುರಿ ಬಿಳಿಚೋಡಿನಲ್ಲಿದ್ದರೆ ನೀನು ಚನ್ನಗಿರಿಯಲ್ಲಿ ಹುಡುಕಿದರೆ ಸಿಗುತ್ತೇನೇ?" ಎಂದರು ಗಂಡ. ಅವರ ಮೇಲೂ ರೇಗಿದೆ. ಕೊನೆಗೆ ಸಿ ಭಾಷೆಯದೇ ತಪ್ಪು ಎಂದು ತೀರ್ಮಾನಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಹೀಗೆ ಅರ್ಧ ಸಿಟ್ಟಿನಿಂದ, ಅರ್ಧ ಆ ಬಸ್ಸಿನ ಓಡಾಟ ತಪ್ಪಲೆಂದು ಬೇಸಿಕ್ಕಿಗೆ ಬಂದೆ. ಅಕ್ಕ ಬರೆಸಿದ ಪಟ್ಟಿಯ ಪ್ರತಿ ನನ್ನ ಹತ್ತಿರ ಇತ್ತು, ಉಳಿದ ಅಷ್ಟೂ ಕೆಲಸ ಎಮ್ಯುಲೇಟರಿನಲ್ಲಿ ಮತ್ತೆ ಮೊದಲಿಂದ. ಅಕ್ಷರಗಳನ್ನೆಲ್ಲ ಬೇರೆ ಫೈಲಿಗೆ ಹಾಕಿ, ಬೇಕಾದಾಗ ಬೇಕಾದಷ್ಟೇ ಓದಿಕೊಳ್ಳುವಂತೆ ಮಾಡಿ ಜಾಗ ಉಳಿಸಿದೆ. ಸಾಲಿಗೊಂದು ಸಂಖ್ಯೆ, ಸಾಲು ಚಿಕ್ಕದು. ಲಿಸ್ಟ್ ಎಂದರೆ ಬರೆದದ್ದೆಲ್ಲ ಕಣ್ಣೆದುರು, ರನ್ ಎಂದರೆ ಓಟ. ಮೊದಲು ಮೂಗು ಮುರಿದಿದ್ದವಳು ನಾಲ್ಕು ದಿನದಲ್ಲಿ ಅದರ ಜೊತೆ ಸಲಿಗೆಯಿಂದ ಮಾತಾಡತೊಡಗಿದೆ. ಲೆಕ್ಕ ಒಂದರಿಂದಲೇ ಶುರುಮಾಡಿ ಬರೆದೆ. ಇನ್ನೆಲ್ಲಿ ತಪ್ಪೀತು ಎಂಬ ಧೈರ್ಯ.

ಮೂರನೇ ಸಲ ಹಿಂದಿನ ದಿನವೇ ಹೋಗಿ ಜಗಳೂರಿನ ನಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಎಂಟಕ್ಕೆಲ್ಲ ಬಿಳಿಚೋಡು ಸೇರಿದೆ. ಡಾಕ್ಟರರೂ ಬೈಕಿನಲ್ಲಿ ಬಂದರು. ಹಿಂಡು ಇನ್ನೂ ರೊಪ್ಪದಲ್ಲಿತ್ತು. ಎಲ್ಲರೂ ಕಂಪ್ಯೂಟರಿನ ಸುತ್ತ ನೆರೆದರು. ಸತ್ತ ಒಂದೊಂದು ಮರಿಯ ತಾಯಿ, ತಂದೆ, ಅವುಗಳ ತಾಯಿ ತಂದೆ ಎಂದು ಮೇಲೆ ಹತ್ತಿ ಹತ್ತಿ ಒಂದೇ ಟಗರು ಎರಡೂ ಕಡೆ ಸಿಗುತ್ತದೆಯೇ ಎಂದು ನೋಡುವುದು. ಸಾಲು ಸಾಲಾಗಿ ಬಂತು. ಎಲ್ಲ ಸಾಲಿನ ಕೊನೆಗೂ ಒಂದೇ ಹೆಸರು. ಕರಿಯ, ಕರಿಯ, ಕರಿಯ.

"ನೋಡ್ರಿ, ನಾನು ಹೇಳಲಿಲ್ವಾ" ಎಂದರು ಡಾಕ್ಟರು. ಅವರೇನು ಗೆದ್ದ ಖುಷಿಯಲ್ಲಿ ಹೇಳಲಿಲ್ಲ. "ಆ ಟಗರು ಹಿಂಡಿನಾಗೆ ಇರಬಾರದು ಕಣಮ್ಮ."

ಅಕ್ಕನ ಗಂಡ ಹೊರಗೆ ಹೋಗಿ ಫೋನ್ ಮಾಡಿದ. ಒಳಗೆ ಬಂದು, "ಸಂಜೆ ಕುರಿ ಮನೀಗೆ ಬಂದ ಮ್ಯಾಲೆ ವ್ಯಾಪಾರದವ್ನು ಬರ್ತಾನೆ" ಎಂದ. ವ್ಯಾಪಾರದವನು ಎಂದರೆ ಮಾಂಸದ ವ್ಯಾಪಾರದವನು.

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಪರದೆಯನ್ನೇ ನೋಡುತ್ತಾ, "ಕಂಪ್ಯೂಟರ್ ಹೇಳಿದ ಮ್ಯಾಲೆ ಮುಗೀತು ಬಿಡ್ರಿ" ಎಂದಳು. ಕಂಪ್ಯೂಟರ್ ಏನೂ ಹೇಳುವುದಿಲ್ಲ, ನಾನು ಬರೆದದ್ದನ್ನು ಓದುತ್ತದೆ ಅಷ್ಟೆ. ಅದು ನನಗೆ ಗೊತ್ತು, ಅವಳಿಗೆ ಗೊತ್ತಿರಲಿಲ್ಲ. ಡಾಕ್ಟರು ಜಗಳೂರಿಗೆ ಹೊರಟುಹೋದರು.

ಹತ್ತು ಗಂಟೆಗೆ ಹಿಂಡು ಹೊರಟಿತು. ಬೇಲಿಯ ಪಕ್ಕ ನಿಂತು ಅಕ್ಕನಿಗೆ ಕಾಣದಂತೆ ಸೆರಗಿನೊಳಗೆ ಬೆರಳು ಮಡಚಿ ಮತ್ತೆ ಎಣಿಸಿದೆ. ಮತ್ತೆ ಒಂದು ಹೆಚ್ಚು. ಈಗ ಸಿ ಇಲ್ಲ, ಸೊನ್ನೆಯ ತಂಟೆಯಿಲ್ಲ. ಎರಡು ಭಾಷೆಗಳಲ್ಲೂ ಒಂದೇ ತಪ್ಪು ಬಂದರೆ ತಪ್ಪು ಭಾಷೆಯದಲ್ಲ ಎಂಬುದು ಆಗ ಹೊಳೆಯಿತು. ಹಿಂಡನ್ನೇ ದಿಟ್ಟಿಸಿ ನೋಡಿದೆ. ಆ ಮನೆಯ ಕುರಿಗಳಿಗೆಲ್ಲ ಎಡಗಿವಿಯಲ್ಲಿ ಒಂದು ಕಚ್ಚು ಇರುತ್ತದೆ, ಅದು ಮನೆಯ ಗುರುತು. ಎಲ್ಲಕ್ಕಿಂತ ಹಿಂದೆ ಒಂದು ದೊಡ್ಡ ಟಗರು ನಿಧಾನಕ್ಕೆ ಹೋಗುತ್ತಿತ್ತು. ಕೊರಳಲ್ಲಿ ಗಂಟೆ, ಕೊಂಬಿಗೆ ಅರಿಶಿನ. ಎರಡೂ ಕಿವಿ ಇಡಿಯಾಗಿದ್ದವು.

"ಅಕ್ಕಾ, ಅದ್ಯಾರದು?"

"ಯಾವ್ದು? ಅದಾ? ಅದು ನಮ್ದಲ್ಲ. ದೇವ್ರುದು."

"ದೇವರದು ಅಂದ್ರೆ?"

"ನಮ್ಮತ್ತೆ ಹರಕೆ ಹೊತ್ತು ಬಿಟ್ಟಿದ್ದು. ಮರಿ ಇದ್ದಾಗಿಂದ ನಮ್ಮ ರೊಪ್ಪದಾಗೇ ಐತೆ. ಆರು ವರ್ಷ ಆಗಿರ್ಬೇಕು."

ಟಗರು ಹಿಂಡಿನ ಹಿಂದೆ ದೂರಾಗುವುದನ್ನು ನೋಡಿದೆ. ಆಮೇಲೆ ಕೇಳಿದೆ. "ಅದು ಹೆಣ್ಣುಕುರಿಗಳನ್ನ ಸೇರುತ್ತಾ?"

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸೇರ್ದೆ ಇರ್ತೈತಾ? ದೇವ್ರುದಾದ್ರೂ ಟಗರಲ್ಲೇನ್ರಿ!"

"ಅಯ್ಯೋ ಅಕ್ಕಾ! ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು ನಿಮ್ಮ ಕುರಿ ಯಾವ್ಯಾವು ಅಂತ. ದೇವ್ರು ಕುರೀನ ನಮ್ದು ಅಂತ ಹೆಂಗೆ ಬರೆಸ್ಲಿ? ನಾಲಿಗೆ ಬಿದ್ದೋಗಲ್ವಾ?"

ಹಾಗಾದರೆ ಆ 'ಅದ್ನ ಬಿಡ್ರಿ' ಎಂದ ಮರಿಗಳು? ಕೇಳುವ ಅಗತ್ಯವೂ ಇರಲಿಲ್ಲ. ಕೇಳಿದೆ. ಹೌದು, ಅವೆಲ್ಲ ದೇವರ ಟಗರಿನವು. ಅವಳಿಗೆ ಮರೆತಿರಲಿಲ್ಲ, ದೇವರ ಲೆಕ್ಕವನ್ನು ತನ್ನ ಲೆಕ್ಕಕ್ಕೆ ಸೇರಿಸಬಾರದೆಂದು ಬಿಟ್ಟಿದ್ದಳು. ಆ ಖಾಲಿ ಜಾಗವನ್ನು ಕರಿಯನಿಂದ ತುಂಬಿಸಿದವಳು ನಾನು. ಅಯ್ಯೋ ನನ್ನ ಬುದ್ಧಿಗಿಷ್ಟು! ಅವಳ ಕೈಯಲ್ಲಿ ಹಾಲು ಕುಡಿದ ಟಗರನ್ನು ಕಟುಕನಿಗೆ ಒಪ್ಪಿಸಲು ಹೊರಟದ್ದು ಡಾಕ್ಟರಲ್ಲ, ಗಂಡನಲ್ಲ, ನನ್ನ ಒಂದು ಸಾಲು.

"ಅಕ್ಕಾ, ತಪ್ಪು ನನ್ನದು. ಆ ದೇವರ ಟಗರನ್ನೂ ಸೇರಿಸಿ ಇನ್ನೊಂದ್ಸಲ ನೋಡೋಣ. ಕರಿಯ ಉಳಿದರೂ ಉಳಿದಾನು."

ಕರಿಯ ಉಳಿದಾನು ಎಂದಾಗ ಅವಳ ಮುಖ ಅರಳಿತು, ಮರುಕ್ಷಣವೇ ಬಾಡಿತು. "ಬ್ಯಾಡ್ರಿ. ನಮ್ಮ ಲೆಕ್ಕದಾಗೆ ದೇವ್ರನ್ನ ತರಬಾರ್ದು. ಕರಿಯನ್ನ ಉಳಿಸ್ಕಳಾಕೆ ದೇವ್ರಿಗೆ ಎದುರು ಬಿದ್ದಂಗಾಗ್ತೈತೆ."

ವಾದ ಮಾಡಬಹುದಿತ್ತು. ನನಗೆ ವಾದ ಮಾಡುವ ಚಟವೂ ಇದೆ. ಆದರೆ ಅವಳು ಕರಿಯನ ಮೇಲಿನ ಪ್ರೀತಿಯನ್ನೇ ಪಕ್ಕಕ್ಕಿಟ್ಟು ಆ ಮಾತಾಡಿದ್ದಳು, ಅದರ ಮುಂದೆ ನನ್ನ ವಾದ ಸಣ್ಣದೆನಿಸಿತು. ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ಸುಮ್ಮನೆ ಲಿಸ್ಟ್ ಎಂದು ಒತ್ತಿದೆ. ಸಾಲುಗಳು ಓಡಿದವು. ತಂದೆಗಳ ಪಟ್ಟಿಗೆ ಜಾಗ ಮಾಡಿದ್ದ ಸಾಲಿನ ಮೇಲೆ ಕಣ್ಣು ನಿಂತಿತು.

ಬೇಸಿಕ್ಕಿನಲ್ಲಿ ನೂರು ಖಾನೆ ಬೇಕೆಂದು ಕೇಳಿದರೆ ಅದು ನೂರೊಂದು ಕೊಡುತ್ತದೆ. ಒಂದರಿಂದ ನೂರು, ಜೊತೆಗೆ ಕೇಳದಿದ್ದರೂ ಒಂದು ಸೊನ್ನೆಯ ಖಾನೆ. ನಾವೆಲ್ಲ ಒಂದರಿಂದ ಎಣಿಸುವವರು, ಸೊನ್ನೆಯನ್ನು ಖಾಲಿ ಬಿಟ್ಟೇ ರೂಢಿ. ಒಟ್ಟು ಕೂಡಿಸುವಾಗ ಅದು ಬರುವುದಿಲ್ಲ, ಪಟ್ಟಿ ಅಚ್ಚು ಹಾಕಿದಾಗಲೂ ಬರುವುದಿಲ್ಲ. ಆದರೆ ಇರುತ್ತದೆ. ತಂದೆ ಯಾರು ಎಂದು ಹುಡುಕಿಕೊಂಡು ಹೋದರೆ ಸಿಗುತ್ತದೆ.

ಅಕ್ಕನನ್ನು ಕರೆದೆ. ಪರದೆ ತೋರಿಸುತ್ತಾ ಹೇಳಿದೆ. "ಇಲ್ಲಿ ನೋಡಕ್ಕ, ನಿನ್ನ ಕುರಿಗಳೆಲ್ಲ ಒಂದರಿಂದ ಶುರು. ಅದಕ್ಕೂ ಮುಂಚೆ ಒಂದು ಮನೆ ಐತೆ. ಅದು ಎಣಿಕೆಗೆ ಬರಲ್ಲ. ದೇವರ ಟಗರನ್ನ ಅಲ್ಲಿಟ್ಟರೆ ನಿನ್ನ ಕುರಿ ಎಷ್ಟಿದ್ದವೋ ಅಷ್ಟೇ ಇರ್ತವೆ. ನಿನ್ನದು ಅಂತ ಎಲ್ಲೂ ಬರಲ್ಲ."

ಅವಳು ಬಹಳ ಹೊತ್ತು ನೋಡಿದಳು. "ಸುಳ್ಳು ಹೇಳ್ತಿಲ್ಲ ತಾನೆ?"

"ಇಲ್ಲ ಅಕ್ಕ. ನಾನು ಇವತ್ತು ಮಾಡಿದ್ದಲ್ಲ ಇದು. ಈ ಭಾಷೆ ಮಾಡಿದವರೇ ಮಾಡಿಟ್ಟ ಜಾಗ."

"ತಡೀರಿ, ಕೇಳ್ಕೊಂಡು ಬರ್ತೀನಿ" ಎಂದು ಎದ್ದಳು. ಗಂಡನ ದೊಡ್ಡಪ್ಪನೇ ಆ ದೇವರ ಪೂಜಾರಿ, ಎರಡು ಬೀದಿಯಾಚೆ ಮನೆ. ಒಂದು ಗಂಟೆಯಾದರೂ ಬರಲಿಲ್ಲ. ನಾನು ಆಸೆ ಬಿಟ್ಟಿದ್ದೆ. ಬಂದಾಗ ಪೂಜಾರಪ್ಪನನ್ನೇ ಕರೆದುಕೊಂಡು ಬಂದಿದ್ದಳು. ಅಜ್ಜ ಕಂಪ್ಯೂಟರಿನ ಹತ್ತಿರ ಬರಲಿಲ್ಲ, ಹೊಸ್ತಿಲಲ್ಲೇ ಕೂತ.

"ಎಣಿಕೆಗೆ ಬರಾದಿಲ್ಲ ಅಂತೀಯಲ್ಲವ್ವ, ಖರೇನಾ?"

"ಖರೇನಜ್ಜ."

"ಹಂಗಾದ್ರೆ ಇರ್ಲಿ ಬಿಡು. ಎಣಿಸಬಾರ್ದು ಅಂತ ಐತೆ. ಇಲ್ಲ ಅಂತ ಅನ್ಬೇಕು ಅಂತ ಎಲ್ಲಿ ಐತೆ?"

ಕೆಲಸ ಶುರುಮಾಡಿದೆ. ಸುಲಭವಾಗಿ ಮುಗಿಯಲಿಲ್ಲ. ತಂದೆ ಗೊತ್ತಿಲ್ಲ ಎನ್ನುವುದಕ್ಕೆ ನಾನು ಸೊನ್ನೆಯನ್ನೇ ಗುರುತಾಗಿ ಬಳಸಿದ್ದೆ. ಈಗ ಸೊನ್ನೆಗೆ ಯಜಮಾನ ಬಂದಿದ್ದ. 'ಗೊತ್ತಿಲ್ಲ' ಎಂಬುದನ್ನೆಲ್ಲ ಮೈನಸ್ ಒಂದು ಮಾಡಬೇಕು, ಒಂದು ಕಡೆ ಬಿಟ್ಟುಹೋದರೂ ಗೊತ್ತಿಲ್ಲದ ಮರಿಗಳೆಲ್ಲ ದೇವರ ತಲೆಗೆ ಬೀಳುತ್ತವೆ. ಕರಿಯನಿಗೆ ಮಾಡಿದ ಅನ್ಯಾಯವನ್ನೇ ದೇವರ ಟಗರಿಗೂ ಮಾಡಬಾರದು. ಹನ್ನೊಂದು ಸಾಲು ತಿದ್ದಿದೆ. ಆ ವರ್ಷದ ಟಗರನ್ನು ತುಂಬಿಸುವ ಸಾಲನ್ನು ಪೂರ್ತಿ ಅಳಿಸಿದೆ. ನಡುವೆ ಕರೆಂಟು ಹೋಗಿ, ಉಳಿಸಿಕೊಳ್ಳದಿದ್ದ ನಾಲ್ಕು ಸಾಲು ಹೋದವು, ಮತ್ತೆ ಬರೆದೆ. ಇದನ್ನು ಸಿ ಭಾಷೆಯಲ್ಲೇ ಉಳಿಸಿಕೊಂಡಿದ್ದರೆ ನಾನು ಆಗ ಚನ್ನಗಿರಿಯ ಬಸ್ಸಿನಲ್ಲಿರುತ್ತಿದ್ದೆ, ಸಂಜೆ ಕರಿಯ ವ್ಯಾಪಾರಿಯ ಗಾಡಿಯಲ್ಲಿರುತ್ತಿದ್ದ.

ಆಮೇಲೆ ಬಿಟ್ಟುಹೋದ ಮರಿಗಳನ್ನು ಒಂದೊಂದಾಗಿ ಕೇಳಿದೆ. ಈ ಸಲ ಅಕ್ಕ ಕೈ ಬೀಸಲಿಲ್ಲ. ಒಂದೊಂದಕ್ಕೂ ಹೊಸ್ತಿಲ ಕಡೆ ನೋಡುವಳು, ಅಜ್ಜ ತಲೆಯಾಡಿಸುವನು, "ದೇವ್ರುದು" ಎನ್ನುವಳು. ಎರಡು ಕಡೆ ಮಾತ್ರ, "ಇದು ನಿಜವಾಗ್ಲೂ ಗೊತ್ತಿಲ್ಲ ತಂಗಿ" ಎಂದಳು. ಅದುವರೆಗೆ ಮೇಡಮ್ಮೋರೆ ಎನ್ನುತ್ತಿದ್ದವಳು ಯಾವಾಗ ತಂಗಿ ಎಂದಳೆಂದು ಅವಳಿಗೂ ಗೊತ್ತಾಗಲಿಲ್ಲ.

ರನ್ ಒತ್ತಿದಾಗ ನಾಲ್ಕು ಗಂಟೆ ದಾಟಿತ್ತು. ಸತ್ತ ಮರಿಗಳ ಸಾಲು ಬಂತು. ತಂದೆಯ ಕಡೆ ಸೊನ್ನೆ, ತಾಯಿಯ ಕಡೆ ಹತ್ತಿದರೂ ಸೊನ್ನೆ. ಮಗಳು, ಮೊಮ್ಮಗಳು, ಒಂದು ಕಡೆ ಮರಿಮಗಳು. ಸತ್ತವುಗಳಲ್ಲಿ ಕರಿಯನ ಹೆಸರೇ ಇರಲಿಲ್ಲ, ಉಳಿದ ಮರಿಗಳನ್ನೂ ಓಡಿಸಿ ನೋಡಿದಾಗ ಎರಡರಲ್ಲಿ ಮಾತ್ರ ಅದು ತಾಯಿ ತಂದೆ ಎರಡೂ ಕಡೆ ಬಂತು. ಆ ಎರಡೂ ಮರಿ ಬದುಕಿ ದೊಡ್ಡವಾಗಿದ್ದವು, ನೆಂಟಸ್ತಿಕೆ ದೂರದ್ದು.

"ಅಂದ್ರೆ?" ಎಂದಳು ಅಕ್ಕ.

"ಕರಿಯನದು ತಪ್ಪಿಲ್ಲ ಅಕ್ಕ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಮುಖ ತಿರುಗಿಸಿದಳು. ಬೆಳಿಗ್ಗೆ ಬಾರದ ಅಳು ಈಗ ಬಂತು.

ಡಾಕ್ಟರಿಗೆ ಫೋನ್ ಮಾಡಿ ಎಲ್ಲಾ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. "ನಾನು ಹಿಂಡು ನೋಡದೆ ಹೇಳಿದ್ದು ತಪ್ಪಾಯ್ತು ಮೇಡಂ" ಎಂದರು. ದೊಡ್ಡ ಮನುಷ್ಯರು ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡದ್ದನ್ನು ನಾನು ಹೆಚ್ಚು ಕಂಡಿಲ್ಲ. ದೇವರ ಟಗರಿಗೆ ಬೀಜ ಒಡೆಸಬಹುದೇ ಎಂದು ಅವರು ಕೇಳಿದರು. ನಾನು ಅಜ್ಜನ ಮುಖ ನೋಡಿದೆ, ಕೇಳಲು ಧೈರ್ಯ ಬರಲಿಲ್ಲ. ಅಜ್ಜನೇ ಊಹಿಸಿಕೊಂಡು, "ಊನ ಮಾಡಂಗಿಲ್ಲ, ಮಾರಂಗೂ ಇಲ್ಲ" ಎಂದ. ಸ್ವಲ್ಪ ಹೊತ್ತು ಬೀಡಿ ಎಳೆದ. "ಸೊಕ್ಕೆ ಊರಾಗೂ ಇದೇ ದೇವ್ರ ಗುಡಿ ಐತೆ. ಅಲ್ಲೂ ಬಿಟ್ಟ ಟಗರು ಐತೆ. ಇದು ಅಲ್ಲಿಗೆ ಹೋಗ್ಲಿ, ಅದು ಇಲ್ಲಿಗೆ ಬರ್ಲಿ. ಅವನ ಮನೆಯಿಂದ ಅವನ ಮನೀಗೇ ತಾನೆ" ಎಂದ. ಐದು ತಲೆಮಾರು ಹತ್ತಿ ಇಳಿಯುವ ಲೆಕ್ಕ ಬರೆದವಳಿಗೆ ಇದು ಹೊಳೆದಿರಲಿಲ್ಲ.

ಸಂಜೆ ಹಿಂಡಿನ ಜೊತೆ ಗಂಡ ಬಂದ. ಹಿಂದೆಯೇ ವ್ಯಾಪಾರಿಯ ಗಾಡಿ. ಅಕ್ಕ ರೊಪ್ಪದ ಬಾಗಿಲಿಗೆ ಅಡ್ಡ ನಿಂತಳು. ಗಂಡನಿಗೆ ಅಜ್ಜ ಎಲ್ಲ ಹೇಳಿದ. ಗಂಡ ನನ್ನ ಕಡೆ ತಿರುಗಿ, "ಬೆಳಿಗ್ಗೆ ಒಂದು ಹೇಳ್ತೀರಿ, ಸಂಜೀಗೆ ಒಂದು ಹೇಳ್ತೀರಿ. ಯಾವ್ದು ನಂಬ್ಲಿ?" ಎಂದ. ನ್ಯಾಯವಾದ ಪ್ರಶ್ನೆ. ಬೆಳಿಗ್ಗೆ ಏನು ತಪ್ಪು ಮಾಡಿದೆನೆಂದು ಮುಚ್ಚಿಡದೆ ಹೇಳಿದೆ. ಅವನು ತಲೆ ಕೆರೆದುಕೊಂಡ. ಗಾಡಿಯವನಿಗೆ ಚಾ ಕುಡಿಸಿ ಕಳಿಸಿದ. "ಈ ಸೂಲು ನೋಡ್ತೀನಿ" ಎಂದ, ಮೊದಲಿನ ಹಾಗೇ.

ಟಗರುಗಳ ಅದಲುಬದಲು ಒಂದು ಸೋಮವಾರ ಪೂಜೆ ಮಾಡಿ ನಡೆಯಿತೆಂದು ಕೇಳಿದೆ. ಇರುವ ಒಂದೇ ಸೊನ್ನೆಯಲ್ಲಿ ಹಳೇ ಟಗರು ಕೂತಿರುವಾಗ ಹೊಸದಾಗಿ ಬಂದದ್ದು ಅಲ್ಲಿಗೆ ಹೇಗೆ ಬರಬೇಕು ಎನ್ನುವುದೊಂದು ಹೊಸ ತಲೆನೋವಾಯಿತು. ಅದಕ್ಕೆ ನಾಲ್ಕು ಸಾಲನ್ನು ಫೋನಿನಲ್ಲೇ ಹೇಳಿ ಬರೆಸಿದೆ. ಅಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು, ಗಂಡ ಫೋನು ಹಿಡಿದುಕೊಂಡಿದ್ದ. ಆಮೇಲೆ ಐದು ತಿಂಗಳು ಕಾಯುವುದು ಬಿಟ್ಟು ಮಾಡುವುದಕ್ಕೆ ಏನೂ ಇರಲಿಲ್ಲ. ಕುರಿಯ ಹೊಟ್ಟೆಯೊಳಗೆ ಯಾವ ಸಾಫ್ಟ್‌ವೇರೂ ಓಡುವುದಿಲ್ಲ. ನನ್ನ ಲೆಕ್ಕ ಸರಿಯೋ ತಪ್ಪೋ ಎಂದು ನನಗೆ ಖಾತ್ರಿಯಿರಲಿಲ್ಲ. ಒಂದು ಸಲ ಅಷ್ಟು ಧೈರ್ಯದಿಂದ ತಪ್ಪಿದವಳು ಎರಡನೇ ಸಲ ಯಾವ ಮುಖದಿಂದ ಧೈರ್ಯ ಮಾಡಲಿ? ಮರಿ ಹಾಕತೊಡಗಿವೆ ಎಂದು ಡಾಕ್ಟರು ತಿಳಿಸಿದ ಮೇಲೆ ನಾನಾಗಿ ಫೋನ್ ಮಾಡುವುದನ್ನೇ ಬಿಟ್ಟೆ.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಯಾರದೋ ಗೃಹಪ್ರವೇಶದ ಪತ್ರಿಕೆ ಅಚ್ಚಿಗೆ ಹಾಕುತ್ತಿದ್ದೆ. ಪತ್ರಿಕೆಯವರು ಎದುರಿಗೇ ಕೂತಿದ್ದರು. ಬಿಳಿಚೋಡಿನ ಫೋನು ಬಂತು. ಎತ್ತಲೋ ಬೇಡವೋ ಎಂದು ನೋಡಿ ನೋಡಿ ಎತ್ತಿದೆ.

"ತಂಗೀ."

"ಹೇಳಕ್ಕ."

"ಮೊದ್ಲು ಹುಟ್ಟಿದ್ವಲ್ಲ, ಅವಕ್ಕೆ ಇವತ್ತಿಗೆ ಒಂಬತ್ತು ದಿನ ಆತು."

ಪ್ರಿಂಟರ್ ನಿಲ್ಲಿಸಿದೆ. "ಅಕ್ಕಾ?"

"ಒಂದೂ ಹೋಗಿಲ್ಲವ್ವ."

ಪತ್ರಿಕೆಯವರು ಗಾಬರಿಯಾಗಿ, "ಯಾಕ್ರೀ ಅಳ್ತಿದೀರಿ, ಏನಾಯ್ತು?" ಎಂದು ಕೇಳುತ್ತಿದ್ದರು. ಕೈಯಲ್ಲಿದ್ದ ಅವರ ಪತ್ರಿಕೆಯಿಂದಲೇ ಕಣ್ಣೊರೆಸಿಕೊಂಡೆ.